ಎರಡೂ ದಂಡೆಗೆ ಹಾರಿದ ಬೆಳ್ಳಕ್ಕಿಗಳು

ಒಂದು ಕಾಡಿನಲ್ಲಿ, ಹೊಳೆ ಎರಡಾಗಿ ಒಡೆದು ಹರಿಯುವ ಕಡೆ, ಪುಟ್ಟ ನಡುಗಡ್ಡೆಯೊಂದಿತ್ತು. ಅಲ್ಲಿನ ಬೆಳ್ಳಕ್ಕಿಗಳಿಗೆಲ್ಲ ಧವಳಮ್ಮ ಹಿರಿಯಳು. ಅವಳದು ಹೆಸರುವಾಸಿ ಮನೆತನ. ನಡುಗಡ್ಡೆಯ ತುದಿಯ ಕರಿಬಂಡೆಯನ್ನು ಕಾಯುವ ಕೆಲಸ ಮುತ್ತಜ್ಜಿಯ ಕಾಲದಿಂದಲೂ ಅವರದೇ. ಬಂಡೆಯ ನೆತ್ತಿಗೆ ನೀರು ಮುಟ್ಟಿತೆಂದರೆ ಹಿಂದೆಯೇ ಪ್ರವಾಹ ಬರುತ್ತಿತ್ತು. ಅದಕ್ಕೆ ಮೊದಲೇ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದು, ಪ್ರಾಣಿಗಳನ್ನು ಎಚ್ಚರಿಸಲು ಎರಡೂ ದಂಡೆಗಳ ಮೇಲೆ ಸುತ್ತು ಹಾಕಬೇಕು. ಆ ಮನೆಯವರು ಸುಳ್ಳು ಸುತ್ತು ಹಾಕಿದ್ದನ್ನಾಗಲಿ, ಒಂದು ದಂಡೆಯನ್ನು ಮರೆತದ್ದನ್ನಾಗಲಿ ಯಾರೂ ಕಂಡಿರಲಿಲ್ಲ.

ಎಡದಂಡೆ ಆನೆಗಳದು, ಬಲದಂಡೆ ಕಾಡುಕೋಣಗಳದು. ಹೊಳೆಯಂಚಿನ ಹುಲ್ಲೆಲ್ಲ ತಮಗೇ ಬೇಕೆಂದು ಎರಡೂ ಹಿಂಡುಗಳು ಹಟ ಹಿಡಿದಿದ್ದವು.

ಆನೆಗಳ ಮೆಚ್ಚುಗೆ ಗಿಟ್ಟಿಸಲು ಅವುಗಳ ರಾಯಭಾರಿ ನರಿ ಒಂದು ದಿನ ತಾನಾಗಿಯೇ ನಡುಗಡ್ಡೆಗೆ ಬಂತು. ಗೂಡುಗಳನ್ನು ಹೊಗಳಿತು, ಮರಿಗಳ ಕ್ಷೇಮ ವಿಚಾರಿಸಿತು. ಆಮೇಲೆ ವಿಷಯಕ್ಕೆ ಬಂತು.

"ಧವಳಮ್ಮನವರೇ, ಈ ಸಲ ಎಡದಂಡೆಗೆ ಮಾತ್ರ ಹಾರಿದರೆ ಸಾಕು. ಕೋಣಗಳ ಪಾಡು ಕೋಣಗಳಿಗೆ. ಇಲ್ಲದಿದ್ದರೆ ನಮ್ಮ ಆನೆಗಳು ಈಜಿ ಬಂದಾವು. ಈ ಮರಗಳನ್ನು ಕೀಳಲು ಅವುಗಳಿಗೆ ಎಷ್ಟು ಹೊತ್ತು?"

ಮರಗಳಲ್ಲಿ ಇನ್ನೂ ರೆಕ್ಕೆ ಬಲಿಯದ ಮರಿಗಳಿದ್ದವು. ಆದರೂ ಧವಳಮ್ಮನ ಕತ್ತು ಬಾಗಲಿಲ್ಲ.

"ಆನೆಗಳೂ ನೆರೆಯವರು, ಕೋಣಗಳೂ ನೆರೆಯವರು. ನಮ್ಮ ಮನೆಯಲ್ಲಿ ಅರ್ಧ ಸುತ್ತು ಹಾಕುವ ಪದ್ಧತಿಯಿಲ್ಲ," ಎಂದಳು.

ನರಿ ನೇರ ಬಲದಂಡೆಗೆ ಹೋಯಿತು. ಧವಳಮ್ಮ ಮೀನಿನಾಸೆಗೆ ಆನೆಗಳ ಕಡೆ ಸೇರಿದ್ದಾಳೆ, ಇನ್ನು ಆ ಹಕ್ಕಿಗಳು ಹಾರಿದರೆ ಅದು ನಿಮ್ಮನ್ನು ಹುಲ್ಲಿನಿಂದ ಓಡಿಸುವ ಉಪಾಯವೆಂದು ಹಿತೈಷಿಯಂತೆ ಕೋಣಗಳ ಕಿವಿಯಲ್ಲಿ ಊದಿತು.

ಅಷ್ಟರಲ್ಲಿ ಕರಿಬಂಡೆಯ ನೆತ್ತಿ ಒದ್ದೆಯಾಯಿತು. ಇಲ್ಲಿ ಸುಡುವ ಬಿಸಿಲು. ಮಳೆ ಬಿದ್ದದ್ದು ದೂರದ ಬೆಟ್ಟದಲ್ಲಿ. ಧವಳಮ್ಮ ಒಮ್ಮೆ ಮರಿಗಳತ್ತ ನೋಡಿ ರೆಕ್ಕೆ ಬಿಚ್ಚಿದಳು. ಅವಳ ಹಿಂದೆ ಇಡೀ ನಡುಗಡ್ಡೆಯೇ ಬೆಳ್ಳಗಾಗಿ ಆಕಾಶಕ್ಕೆ ಎದ್ದಂತಾಯಿತು. ಸೂರ್ಯ ಮರೆಯಾದ. ಆ ಹಿಂಡಿನ ನೆರಳು ಎಡದಂಡೆಯ ಮೇಲೆ ಹಾದು, ಅಷ್ಟೇ ನಿಧಾನವಾಗಿ ಬಲದಂಡೆಯ ಮೇಲೂ ಹಾಯಿತು. ಬೆಟ್ಟದಂಥ ಆನೆಗಳು ಮೇವು ಮರೆತು, ಸೊಂಡಿಲೆತ್ತಿ ನೋಡಿದವು. ಮರುಕ್ಷಣ ದಿಬ್ಬ ಹತ್ತತೊಡಗಿದವು.

ಕೋಣಗಳು ಕದಲಲಿಲ್ಲ. ಅವುಗಳ ನಾಯಕ ಎದುರು ದಂಡೆಯನ್ನು ದಿಟ್ಟಿಸಿದ.

"ಇದು ಆನೆಗಳ ಉಪಾಯವಾದರೆ ಆನೆಗಳೇ ಹುಲ್ಲು ಬಿಟ್ಟು ಯಾಕೆ ಓಡುತ್ತಿವೆಯಯ್ಯ?" ಎಂದು ನರಿಯನ್ನು ಕೇಳಿದ. ಉತ್ತರಕ್ಕೆ ಕಾಯದೆ ಹಿಂಡನ್ನು ಮೇಲಕ್ಕೆ ಹೊಡೆದ.

ನರಿಗೆ ಆಡಿದ ಮಾತು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಎಲ್ಲವೂ ನಾಟಕ ಎನ್ನುತ್ತ ಮರಳಿನ ಮೇಲೇ ನಿಂತಿತು. ಕೆಂಪು ನೀರು ಗುಡುಗುತ್ತ ಬಂದು ಅದನ್ನು ಉರುಳಿಸಿ, ಮುಳುಗಿಸಿ, ನಡುಗಡ್ಡೆಯ ಮರದ ಬೇರಿಗೆ ತಂದು ಹಾಕಿತು.

ದಿಬ್ಬಗಳ ಮೇಲೆ ಎರಡೂ ಹಿಂಡುಗಳು ನಿಂತು ನೋಡುತ್ತಿದ್ದವು. ಅಷ್ಟು ದೊಡ್ಡ ಹೊಳೆ, ಅಷ್ಟು ದೊಡ್ಡ ಪ್ರಾಣಿಗಳು; ನಡುವೆ, ಗೂಡಿನ ಮರಕ್ಕೆ ಮರಳಿ, ಬಂಡೆಯಷ್ಟೇ ನೆಟ್ಟಗೆ ನಿಂತ ಒಂದು ಬಿಳಿ ಹಕ್ಕಿ.

"ಅಮ್ಮಾ, ಕೋಣಗಳಿಗೆ ನಿಮ್ಮ ಮೇಲೆ ಚಾಡಿ ಹೇಳಿಬಿಟ್ಟೆ, ಕಾಪಾಡಿ," ಎಂದಿತು ನರಿ.

"ಬೇರು ಹಿಡಿದು ಮೇಲೆ ಬನ್ನಿ. ನಾವು ಯಾರನ್ನೂ ನೀರಿಗೆ ನೂಕುವವರಲ್ಲ," ಎಂದಳು ಧವಳಮ್ಮ. "ಬಂದ ಮೇಲೆ, ಎರಡೂ ದಂಡೆಗೆ ಕೇಳುವಂತೆ, ನಮ್ಮ ಮನೆತನದ ಕ್ಷಮೆ ಕೇಳಿ."

ನೀತಿ: ಬಲಿಷ್ಠರಿಬ್ಬರ ಜಗಳದ ನಡುವೆ ಬಾಳುವ ಚಿಕ್ಕವರು ಇಬ್ಬರಿಗೂ ಒಂದೇ ಸತ್ಯವನ್ನು ಹೇಳಬೇಕು, ಆ ನಂಬಿಕೆಯೇ ಅವರಿಗೆ ರಕ್ಷಣೆ.