ಕಾಶವ್ವನ ಹತ್ತು ಸಾಲು

ಹೊಳೆಯ ಆಚೆ ದಂಡೆಯಲ್ಲಿ ಸಂಕವ್ವನ ಆಶ್ರಮ. ಆಶ್ರಮ ಅಂದರೆ ಹೆಂಚಿನ ಎರಡು ಕೋಣೆ, ಒಂದು ಬೇವಿನ ಮರ. ಅಲ್ಲಿ ಕಾವಿ ಇರಲಿಲ್ಲ, ಪಲ್ಲಕ್ಕಿ ಇರಲಿಲ್ಲ. ಕಾಲಿಗೆ ಬೀಳಲು ಬಂದವರ ಕೈಗೆ ಮುದುಕಿ ಸೂಜಿ ದಾರ ಕೊಡುತ್ತಿದ್ದಳು.

ಬಂದವರು ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯಬೇಕು. ಕೇಳುವುದಿದ್ದರೆ ಹೊಲಿಯುತ್ತಲೇ ಕೇಳಬೇಕು.

ಒಂದು ಸೋಮವಾರ ರಾಚಪ್ಪ ಮಾಸ್ತರ ದೋಣಿಯಲ್ಲಿ ಬಂದ. ಶಾಲೆಯಿಂದ ನಿವೃತ್ತನಾಗಿ ಎರಡು ವರ್ಷ. ಬಗಲಲ್ಲಿ ಅರ್ಧ ಹೊಲಿದ ಕೌದಿ.

“ಅವ್ವಾರ, ಇದು ನನ್ನ ಹೆಂಡತಿ ಕಾಶವ್ವ ಹೊಲಿತಿದ್ದದ್ದು. ನಲವತ್ತು ವರ್ಷ ಕೌದಿ ಹೊಲಿದಾಕಿ. ಆಕಿ ಕೈಗೆ ನಡುಕ ಬಂದೈತಿ, ಇನ್ನ ಸೂಜಿ ಹಿಡಿಯಾಕ ಆಗೂದಿಲ್ಲ. ಈ ಚಳಿಗಾಲಕ್ಕ ನಾನ ಇದನ್ನ ಮುಗಿಸಿ ಆಕಿಗೆ ಹೊದಿಸಬೇಕು. ನನಗ ಹೊಲಿಯೂದು ಕಲಸ್ರಿ.”

“ಆಕೀನ ಕೇಳಿದ್ಯಾ?”

“ಆಕಿಗೆ ಹೊಲಿಯಾಕ ಬರತೈತ್ರಿ. ಕಲಸಾಕ ಬರೂದಿಲ್ಲ. ಕಲಸೂದು ಬ್ಯಾರೆ ವಿದ್ಯೆ.”

ಸಂಕವ್ವ ಒಂದು ಹರಕು ಬಟ್ಟೆ ಕೊಟ್ಟಳು, ಒಂದು ಸೂಜಿ ಕೊಟ್ಟಳು.

ಮೊದಲ ವಾರ ಬೆರಳಿಗೆ ಏಳು ಸಲ ಚುಚ್ಚಿಕೊಂಡ. ಎರಡನೆಯ ವಾರ, ಮನೆಯಲ್ಲಿ ಕೂತು ಹೊಲಿಯುತ್ತ, ಬಟ್ಟೆಯ ಜೊತೆಗೆ ತನ್ನ ಧೋತರವನ್ನೂ ಹೊಲಿದ. ಎದ್ದು ನಿಂತ. ಹೊಲಿದದ್ದೂ ಜೊತೆಗೆ ಎದ್ದಿತು.

“ಕಾಶವ್ವ ಏನಂದ್ಲು?” ಸಂಕವ್ವ ಕೇಳಿದಳು.

“ಹೊಟ್ಟಿ ಹಿಡಕೊಂಡು ನಕ್ಕಳ್ರಿ. ‘ಚಲೋ ಆತು, ಇನ್ನ ಕಟ್ಟೀಗೆ ಹರಟಿ ಹೊಡಿಯಾಕ ಹೋಗೂದಿಲ್ಲ ನೀವು’ ಅಂದ್ಲು.”

ಮುದುಕಿಯೂ ನಕ್ಕಳು.

ಮೂರನೆಯ ವಾರ ಮಾಸ್ತರನ ಮುಖ ಇಳಿದಿತ್ತು. “ಓಣ್ಯಾಗ ಗಂಡಸ್ರು ಕಾಡತಾರ. ‘ಮಾಸ್ತರ್ರ, ಸೀರಿ ಯಾವಾಗ ಉಡತೀರಿ’ ಅಂತಾರ. ಬಾಗಲಾ ಹಾಕ್ಕೊಂಡು ಹೊಲಿತೀನ್ರಿ.”

“ಬಾಗಲಾ ತಗಿ. ಹೊಸ್ತಲದಾಗ ಕುಂತು ಹೊಲಿ. ಹೊದ್ಕೊಳ್ಳಾಕ ನಾಚದ ಮಂದಿ ಹೊಲಿಯಾಕ ಯಾಕ ನಾಚಬೇಕು?”

ಬಾಗಿಲು ತೆರೆದ. ನಾಲ್ಕು ದಿನ ನಕ್ಕರು. ಐದನೆಯ ದಿನ ಒಬ್ಬ ತನ್ನ ಅಂಗಿಯ ಗುಂಡಿ ಹಿಡಿದುಕೊಂಡು ಬಂದ, ಹಚ್ಚಿಸಿಕೊಂಡು ಹೋದ.

ದೀಪಾವಳಿಯ ಹೊತ್ತಿಗೆ ಮಾಸ್ತರನ ಹೊಲಿಗೆ ನೇರವಾಯಿತು. ಗೆರೆ ಹೊಡೆದ ನೋಟಬುಕ್ಕಿನಷ್ಟು ನೇರ. ಸಂಕವ್ವ ತಲೆಯಾಡಿಸಿದಳು. ಅವನು ಹೆಂಡತಿಯ ಕೌದಿಗೆ ಕೈ ಹಾಕಿದ.

ಒಂದು ತಿಂಗಳು ಬಿಟ್ಟು ಕೌದಿ ಹೊತ್ತುಕೊಂಡು ಬಂದ.

“ಅವ್ವಾರ, ನನ್ನ ತಪ್ಪೇನು ಹೇಳ್ರಿ. ಆಕಿ ಹೊಲಿದ ಕಡೀ ಹತ್ತು ಸಾಲು ಸೊಟ್ಟ ಆಗಿದ್ವು. ಮ್ಯಾಲ ಹತ್ತಿ ಕೆಳಗ ಇಳದು ಏನೇನೋ. ನಲವತ್ತು ವರ್ಷ ಹುಡುಗರ ನೋಟಬುಕ್ಕ ತಿದ್ದಿದ ಕಣ್ಣು, ತಡೀಲಿಲ್ಲ. ಹತ್ತೂ ಸಾಲು ಬಿಚ್ಚಿದೆ. ನೆಟ್ಟಗ ಹೊಲದೆ.”

“ಆಕಿ ಏನಂದ್ಲು?”

“ಕೈಯಾಡಿಸಿ ನೋಡಿದ್ಲು. ಮಡಚಿ ಬದಿಗಿಟ್ಲು. ಎಂಟು ದಿನ ಆತು, ಮಾತಿಲ್ಲ. ಈ ಚಳ್ಯಾಗ ಬರೇ ಸೆರಗು ಹೊದ್ಕೊಂಡು ಮಲಗತಾಳ.”

ಸಂಕವ್ವ ಕೌದಿ ಬಿಡಿಸಿದಳು. ಕತ್ತರಿ ತೆಗೆದುಕೊಂಡಳು. ಮಾಸ್ತರನ ನೇರ ಸಾಲನ್ನು ಕಚಕ್ ಕಚಕ್ ಅಂತ ಕತ್ತರಿಸತೊಡಗಿದಳು.

“ಅವ್ವಾರ! ಹದಿನೈದು ದಿನದ ಕೆಲಸ!”

“ನೀ ಬಿಚ್ಚಿದ್ದು ಎಷ್ಟು ದಿನದ ಕೆಲಸ?”

ಮಾಸ್ತರನಿಗೆ ಗೊತ್ತಿರಲಿಲ್ಲ.

“ನಡಗೋ ಕೈಗೆ ಒಂದು ಸಾಲಿಗೆ ಎಷ್ಟು ದಿನ ಹಿಡಿತೈತಿ?”

ಅದೂ ಗೊತ್ತಿರಲಿಲ್ಲ. ಅವಳು ಹೊಲಿಯುವಾಗ ಅವನು ಅದೇ ಮನೆಯಲ್ಲಿದ್ದ.

ಮುದುಕಿ ಕೌದಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದಳು. “ಹತ್ರ ಬಾ. ಏನು ಕಾಣತೈತಿ?”

ಹಳೆಯ ಸೀರೆಯ ಮೇಲೆ ಸಣ್ಣ ಸಣ್ಣ ತೂತು. ನೇರ ಹೋದವು ಅವನವು. ಅವುಗಳ ಅಕ್ಕಪಕ್ಕ, ಮೇಲೆ ಕೆಳಗೆ, ಕಾಶವ್ವನವು. ದಾರ ಹೋಗಿತ್ತು. ತೂತು ಹೋಗಿರಲಿಲ್ಲ.

“ಆಕಿ ತೂತಿನಾಗ ಸೂಜಿ ಹಾಕಿ ಹೊಲಿ. ಒಂದೂ ಬಿಡಬ್ಯಾಡ.”

ಮಾಸ್ತರ ಆರು ವಾರ ಹೊಳೆ ದಾಟಲಿಲ್ಲ.

ನೇರ ಸಾಲು ಒಂದೂವರೆ ದಿನಕ್ಕೆ ಮುಗಿಯುತ್ತಿತ್ತು. ಈ ಸಾಲು ನಾಲ್ಕು ದಿನ ತಿಂದಿತು. ಒಂದು ಕಡೆ ಮೂರು ತೂತು ಒತ್ತೊತ್ತಾಗಿ ಇದ್ದವು. ಎರಡು ಸಲ ಜಾರಿ, ಮೂರನೆಯ ಸಲ ಸೂಜಿ ಸರಿಯಾಗಿ ಒಳಗೆ ಹೋಗಿತ್ತು. ಒಂದು ಕಡೆ ಎಳ್ಳಿನಷ್ಟು ಕಂದು ಕಲೆ. ಅದು ರಕ್ತ. ಎಂಟನೆಯ ಸಾಲಿನ ನಡುವೆ ಒಂದು ಗೇಣು ನಡುಕವೇ ಇರಲಿಲ್ಲ. ಅಲ್ಲಿ ಅವಳ ಹೊಲಿಗೆ ಅವನದಕ್ಕಿಂತ ನೇರ. ಅವನು ಅಲ್ಲಿ ಸೂಜಿ ನಿಲ್ಲಿಸಿ ಆ ತೂತುಗಳನ್ನು ಒಂದೊಂದಾಗಿ ಎಣಿಸಿದ.

ಏಳನೆಯ ಸೋಮವಾರ ಬಂದ.

“ಹತ್ತೂ ಸಾಲು ಮುಗದುವ್ರಿ. ನಿನ್ನೆ ಆಕಿ ಮುಂದ ಇಟ್ಟೆ. ಒಂದೊಂದೇ ಸಾಲಿನ ಮ್ಯಾಲ ಬೆರಳಾಡಿಸಿದ್ಲು. ಎಳಕೊಂಡು ಹೊದ್ಕೊಂಡ್ಲು.”

“ಮಾತಾಡಿದ್ಲಾ?”

“‘ಚಾ ಮಾಡ್ರಿ’ ಅಂದ್ಲು.”

“ಮಾಡಿದ್ಯಾ?”

“ಮಾಡಿದೆ. ‘ಸಕ್ರಿ ಕಡಿಮಿ ಆಗೇತಿ’ ಅಂದ್ಲು.” ಮಾಸ್ತರ ನಕ್ಕ. ಕಣ್ಣು ಒರೆಸಿಕೊಂಡ.

ಆಮೇಲೆ ಕೌದಿಯನ್ನು ನೆಲಕ್ಕೆ ಹಾಸಿದ. ಇನ್ನೂ ಅರ್ಧ ಖಾಲಿ ಇತ್ತು. ಅಲ್ಲಿ ದಾರವೂ ಇಲ್ಲ, ತೂತೂ ಇಲ್ಲ.

“ಅವ್ವಾರ, ಇಲ್ಲೀತನ ಆಕಿ ತೂತು ಹಿಡಿದು ಬಂದೆ. ಇನ್ನ ಮುಂದ ಹ್ಯಾಂಗ ಹೊಲಿಯೂದು? ಸೊಟ್ಟ ಹೊಲಿಲ್ಯೋ, ನೆಟ್ಟಗ ಹೊಲಿಲ್ಯೋ? ನೀವ ಹೇಳಬೇಕು.”

ಸಂಕವ್ವ ಕೌದಿಯನ್ನು ಮಡಚಿ ಅವನ ಬಗಲಿಗೆ ತುರುಕಿದಳು. ದಂಡೆಯ ಕಡೆ ಕೈ ತೋರಿಸಿದಳು. ದೋಣಿ ಇನ್ನೂ ಬಿಟ್ಟಿರಲಿಲ್ಲ.

“ನಲವತ್ತು ವರ್ಷ ಕೌದಿ ಹೊಲಿದಾಕಿ ನಿನ್ನ ಮನ್ಯಾಗ ಕುಂತಾಳ. ಹೊಳಿ ದಾಟಿ ನನ್ನ ಕೇಳಾಕ ಬಂದೀಯಲ್ಲೋ ಮಾಸ್ತರ.”