ಗೂಟದಾಚೆಗೆ

ಶಿಷ್ಯ ಕೇಳಿದ: "ಗುರುಗಳೇ, ಭೂಮಿಯ ಸುತ್ತ ಕಣ್ಣಿಗೆ ಕಾಣದ ಪಟ್ಟಿಯೊಂದಿದೆಯಂತೆ. ಅದರಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್ ಗಿರಗಿರ ಸುತ್ತುತ್ತ ಉತ್ತರಕ್ಕೆ ಓಡುತ್ತದೆ. ಅಲ್ಲಿ ಹೊರಳಿ ದಕ್ಷಿಣಕ್ಕೆ ಓಡುತ್ತದೆ. ಮತ್ತೆ ಹೊರಳುತ್ತದೆ. ಭೂಮಿಯ ಅಯಸ್ಕಾಂತ ಅದನ್ನು ಬಿಡುವುದೇ ಇಲ್ಲ. ಆದರೆ ಯಾವುದೋ ರೇಡಿಯೋ ಅಲೆ ಬಂದು ಬಿಡಿಸುತ್ತದಂತೆ. ಕಣವೋ ಮಹಾ ವೇಗದ್ದು. ಅಲೆಯೋ ಮೆತ್ತಗಿನದು. ಹೇಗೆ ಬಿಡಿಸೀತು?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಆ ಊರಲ್ಲಿ ಸೀರೆಯ ಹಾಸು, ಅಂದರೆ ಉದ್ದದ ಎಳೆ, ಹಾಕುವುದು ಬೀದಿಯಲ್ಲಿ. ಎರಡು ತುದಿಗೆ ಎರಡು ಗೂಟ. ಗಂಡ ಈ ತುದಿಯಿಂದ ನೂಲು ಹಿಡಿದು ನಡೆಯುತ್ತಾನೆ, ಹೆಂಡತಿ ಆ ತುದಿಯಿಂದ. ನಡುವೆ ಎದುರಾಗುತ್ತಾರೆ. ದಾಟಿ ಹೋಗುತ್ತಾರೆ. ಗೂಟ ಸುತ್ತಿ ಹಿಂದಿರುಗುತ್ತಾರೆ. ಹಾಗೆ ನಡೆದು ನಡೆದು ಎಳೆ ಕೂಡುತ್ತದೆ.

ಹಾಸು ಅರ್ಧವಾಗಿತ್ತು. ಹೆಂಡತಿ ಜ್ವರದಲ್ಲಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ನೇಕಾರ ಮನೆಯೊಳಗೆ ಹೋಗಲಿಲ್ಲ. ಬೀದಿಗೆ ಇಳಿದ. ನಡೆದ. ಗೂಟದ ಬಳಿ ತಿರುಗಿದ. ಮತ್ತೆ ನಡೆದ. ಅಳಲಿಲ್ಲ. ಉಣ್ಣಲಿಲ್ಲ. ಅಂಗಾಲು ಒಡೆದು ರಕ್ತ ಬಂತು. ಹೀಗೇ ಆದರೆ ಇವನೂ ಉಳಿಯುವುದಿಲ್ಲ ಎಂದು ಓಣಿಯವರು ಹೆದರಿದರು.

ಹಾಸು ಅರ್ಧ ಉಳಿದದ್ದೇ ಕಾರಣ ಅಂದುಕೊಂಡರು. ತಾವೇ ಸೇರಿ ಮುಗಿಸಿದರು. ಸುತ್ತಿ ಒಳಗಿಟ್ಟರು. ಅವನು ನಿಲ್ಲಲಿಲ್ಲ. ಕೈಯಲ್ಲಿ ನೂಲಿಲ್ಲ, ಬೆರಳು ಮಾತ್ರ ನೂಲು ಹಿಡಿದ ಹಾಗೇ ಇತ್ತು. ಗೂಟ ಕಿತ್ತರು. ಗೂಟವಿದ್ದ ಜಾಗಕ್ಕೆ ಬಂದು ತಾನಾಗಿ ತಿರುಗಿದ. ಗಟ್ಟಿ ಆಳೊಬ್ಬ ಅಡ್ಡ ನಿಂತ. ನೇಕಾರ ಅವನನ್ನು ಮುಟ್ಟುವ ಮೊದಲೇ ತಿರುಗಿದ. ಆಮೇಲೆ ಎಲ್ಲರೂ ಮನಬಂದಂತೆ ತಳ್ಳಿದರು. ಒಬ್ಬ ಮುಂದಕ್ಕೆ ತಳ್ಳಿದ್ದನ್ನು ಇನ್ನೊಬ್ಬ ಹಿಂದಕ್ಕೆ ತಳ್ಳಿ ಕಳೆದ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ. ತೀರಿಕೊಂಡವಳ ಗೆಳತಿ. ಬಾಯಿ ಜೋರು.

"ಹಿಂಗ ನೂಕಿದ್ರ ಎಮ್ಮಿ ಸೈತ ಮಾತು ಕೇಳೂದಿಲ್ಲ. ಸರೀರಿ ಆಚೆ," ಎಂದಳು.

ಸೆರಗು ಸಿಕ್ಕಿಸಿ ಎದುರು ತುದಿಗೆ ಹೋಗಿ ನಿಂತಳು. ಅವನು ಈ ತುದಿ ಬಿಟ್ಟಾಗ ಅವಳು ಆ ತುದಿ ಬಿಟ್ಟಳು. ಅವನ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಿದಳು. ನಡುವೆ ದಾಟುವಾಗ, ಅವನ ಕಾಲು ಮುಂದೆ ಬೀಳುವ ಹೊತ್ತಿಗೆ ಸರಿಯಾಗಿ, ಮೊಣಕೈಗೆ ಬೆರಳು ತಾಗಿಸಿ ತುಸು ಮುಂದಕ್ಕೆ ಒತ್ತಿದಳು. ಅಷ್ಟೇ.

ಗಟ್ಟಿ ಆಳು ನಕ್ಕ. "ಇಷ್ಟಕ್ಕ ಏನಾಕ್ಕೈತಿ, ಆಯಿ?"

"ಒಂದಕ್ಕ ಏನೂ ಆಗೂದಿಲ್ಲೋ ತಮ್ಮಾ. ನೀ ಸುಮ್ನ ಕುಂಡ್ರು."

ಮತ್ತೆ ಎದುರಾದರು. ಮತ್ತೆ ಒತ್ತಿದಳು. ಕೆಲವು ಸಲ ಹೆಜ್ಜೆ ತಪ್ಪಿತು, ಅವನು ಹಿಂದೆಯೂ ಸರಿದ. ಅವಳು ಬಿಡಲಿಲ್ಲ. ಅವನು ತಿರುಗುವ ಜಾಗ ಒಂದು ಬೆರಳು ಆಚೆಗೆ ಹೋಯಿತು. ಆಮೇಲೆ ಒಂದು ಗೇಣು. ಆಮೇಲೆ ಒಂದು ಮೊಳ. ಅಲ್ಲಿಂದ ಮುಂದೆ ಅವನದೇ ಮನೆ.

ಸಂಜೆಗೆ ಅವನ ಕಾಲು ಮನೆಯ ಮೆಟ್ಟಿಲಿಗೆ ತಾಗಿತು. ತಿರುಗಲಿಲ್ಲ. ಕುಸಿದು ಕೂತ. "ಹಂಪವ್ವಾ" ಎಂದು ಹೆಂಡತಿಯನ್ನು ಕರೆದ. ಅತ್ತ.

ಓಣಿಯವರು ನೆಮ್ಮದಿಯ ಉಸಿರು ಬಿಟ್ಟರು. ಮುದುಕಿ ಅವನ ಅಂಗಾಲಿಗೆ ಎಣ್ಣೆ ಹಚ್ಚುತ್ತ ಕೂತಳು. "ಅಳಪಾ, ಚಲೋ ಅಳು. ರೊಟ್ಟಿ ಬಿಸಿ ಐತಿ, ಆರೂದ್ರಾಗ ಮುಗಸು," ಎಂದಳು. ಅವನು ಅಳುತ್ತಲೇ ಉಂಡ.

ಕತೆ ಮುಗಿಸಿ ಗುರುಗಳು ಹೇಳಿದರು: "ಅಲೆಯೂ ಎದುರಿನಿಂದ ಬರುತ್ತದೆ. ಕಣ ಸುತ್ತುವ ಲಯಕ್ಕೆ ತನ್ನ ಲಯ ಕೂಡಿಸುತ್ತದೆ. ಸಲಕ್ಕೆ ತುಸುವೇ ಒತ್ತುತ್ತದೆ. ಕಣ ಹೊರಳುವ ಜಾಗ ಕೆಳಗೆ ಕೆಳಗೆ ಸರಿಯುತ್ತದೆ. ಕೊನೆಗೆ ಅದು ಹೊರಳುವುದಿಲ್ಲ. ಭೂಮಿಯ ಗಾಳಿಗೆ ಬಂದು ಬೀಳುತ್ತದೆ."

ಶಿಷ್ಯನ ಮುಖ ಸಣ್ಣದಾಯಿತು. "ಬಿದ್ದ ಮೇಲೆ ಮುಗಿದೇ ಹೋಯಿತಲ್ಲ, ಗುರುಗಳೇ. ಅದೆಂಥ ಬಿಡುಗಡೆ?"

ಗುರುಗಳು ಹೇಳಿದರು: "ಧ್ರುವದ ಜನ ಚಳಿಯಲ್ಲಿ ಹೊರಗೆ ಬಂದು ತಲೆಯೆತ್ತಿ ನೋಡುವ ರಾತ್ರಿ ಬಾನಿನ ಬೆಳಕು, ಹಾಗೆ ಬಿದ್ದವುಗಳದೇ."