ನೆಲಕ್ಕಿಡದ ಕುಡಿಕೆ

ಮಾತು ದೇವರ ಕಡೆಗೆ ತಿರುಗಿದರೆ ಸಾಕು, ಚೆನ್ನಾಜಮ್ಮ ಮೊರ ಎತ್ತಿಕೊಳ್ಳುತ್ತಿದ್ದರು.

ದೇವರಿದ್ದಾನೆ ಎಂದವರಿಗೂ, ಇಲ್ಲ ಎಂದವರಿಗೂ ಅವರ ಉತ್ತರ ಅದೊಂದೇ, ಅಕ್ಕಿ ಕೇರುವ ಸದ್ದು. ಹೊಳೆದಂಡೆಯ ಅವರ ಪುಟ್ಟ ಆಶ್ರಮದಲ್ಲಿ ಚರ್ಚೆಗೆ ಕೊರತೆ ಇರಲಿಲ್ಲ. ಹಾಗಾಗಿ ಅನ್ನದಲ್ಲಿ ಒಂದು ಕಲ್ಲೂ ಸಿಗುತ್ತಿರಲಿಲ್ಲ.

ಹೆಚ್ಚಿನ ಚರ್ಚೆ ಶಿಷ್ಯೆ ವಿಶಾಖಾಳದ್ದು. ಎರಡು ವರ್ಷದಿಂದ ಅಲ್ಲಿದ್ದಳು. ವಾದದಲ್ಲಿ ಯಾರಿಗೂ ಸೋತಿರಲಿಲ್ಲ.

ಒಂದು ಬೆಳಿಗ್ಗೆ ಪುಟ್ಟಗೌರಮ್ಮ ಎಂಬ ಮುದುಕಿ ಒಬ್ಬಳೇ ಬಂದಳು. ಎದೆಗೆ ಅವಚಿಕೊಂಡಿದ್ದ ಮಣ್ಣಿನ ಕುಡಿಕೆಯಲ್ಲಿ ಗಂಡನ ಅಸ್ಥಿ ಇತ್ತು. ಹೊಳೆಗೆ ಬಿಡಲು ತಂದಿದ್ದಳು.

"ಮುಖ ತೊಳ್ಕೋಬೇಕು ಮಗಾ. ಒಂದು ಗಳಿಗೆ ಇದನ್ನ ಹಿಡ್ಕೊಳ್ತೀಯಾ? ನೀರಿಗೆ ಬಿಡೋವರೆಗೂ ನೆಲಕ್ಕಿಡಬಾರದು."

ವಿಶಾಖಾಳ ಕೈಯಲ್ಲಿ ಪುಸ್ತಕ ಇತ್ತು.

"ಕೆಳಗಿಡಿ ಅಜ್ಜಿ, ಏನೂ ಆಗಲ್ಲ. ಅದರಲ್ಲಿ ಯಾರೂ ಇಲ್ಲ."

"ಯಾರೂ ಇಲ್ವಾ?"

"ಬೂದಿ ಇದೆ. ನಾಲ್ಕು ಮೂಳೆ ಚೂರು ಇದೆ. ಸತ್ತ ಮೇಲೆ ಮನುಷ್ಯ ಎಲ್ಲೂ ಇರಲ್ಲ."

"ದೇವರ ಹತ್ರ?"

"ದೇವರು ಇದ್ದಾನೆ ಅಂತ ಮೊದಲು ಗೊತ್ತಾಗಬೇಕಲ್ಲ?"

ವಿಶಾಖಾ ಅರ್ಧ ಗಂಟೆ ವಿವರಿಸಿದಳು. ಮುದುಕಿ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸುತ್ತ ಕೇಳಿದಳು. ಮುಖ ತೊಳೆಯಲಿಲ್ಲ. ಆಶ್ರಮದ ಮೇಲಿನ ಮೆಟ್ಟಿಲ ಮೇಲೆ ಕೂತು, ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡಳು.

"ಬನ್ನಿ ಅಜ್ಜಿ, ನೀರಿಗೆ ಬಿಡೋಣ."

"ಇಲ್ಲ ಕಣೇ. ಅವರು ಎಲ್ಲೂ ಇಲ್ಲ ಅಂದ್ರೆ, ಇರೋದು ಇಷ್ಟೇ ತಾನೆ? ಇಷ್ಟನ್ನೂ ಹೊಳೆಗೆ ಹಾಕಿ, ಬರೀ ಕೈಲಿ ಮನೆಗೆ ಹೋಗು ಅಂತೀಯಾ?"

ವಿಶಾಖಾ ಪುಸ್ತಕ ಮಡಚಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಮುದುಕಿ ಊಟಕ್ಕೆ ಏಳಲಿಲ್ಲ. ರಾತ್ರಿಯೂ ಏಳಲಿಲ್ಲ. ಕುಡಿಕೆಯನ್ನು ತಬ್ಬಿಕೊಂಡೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು.

ಮರುದಿನ ವಿಶಾಖಾ ಹಾಲು ತಂದು ಪಕ್ಕದಲ್ಲಿ ಕೂತಳು.

"ಅಜ್ಜಿ, ನಾನು ನಿನ್ನೆ ಒಂದು ಕಡೆಯ ವಾದ ಮಾತ್ರ ಹೇಳಿದೆ. ಆತ್ಮ ಇದೆ, ಅದಕ್ಕೆ ಸಾವಿಲ್ಲ ಅಂತಲೂ ಹೇಳ್ತಾರೆ. ದೇವರು ಅವರನ್ನ ನೋಡ್ಕೊಳ್ತಾನೆ."

"ಯಾವತ್ತಿಂದು ಸುಳ್ಳು? ನಿನ್ನೆದಾ, ಇವತ್ತಿಂದಾ?"

"ಅದು ಹಾಗಲ್ಲ..."

"ಇವತ್ತಿಂದೇ ನಿಜ ಅಂತ ಇಟ್ಕೋ. ಇರುವೆ ಸಾಲು ಅಡ್ಡ ಬಂದ್ರೆ ಸುತ್ತು ಹಾಕ್ಕೊಂಡು ಹೋಗೋರು ನಮ್ಮೆಜಮಾನ್ರು. ಅಂಥೋರು ಆರು ತಿಂಗಳು ಹಾಸಿಗೆ ಮೇಲೆ ಯಾಕೆ ನರಳಬೇಕಿತ್ತು? ಆವಾಗ ಎಲ್ಲಿ ಹೋಗಿದ್ದ ನಿನ್ನ ದೇವರು?"

"ಕರ್ಮ ಅಂತ ಒಂದು..."

"ಎದ್ದು ಹೋಗೇ ಆಚೆ!"

ಹಾಲು ಕೆನೆ ಕಟ್ಟಿತು.

ವಿಶಾಖಾ ಅಡುಗೆಮನೆಗೆ ಬಂದಳು. ಚೆನ್ನಾಜಮ್ಮ ಒಲೆ ಊದುತ್ತಿದ್ದರು.

"ಅಮ್ಮಾ, ಅವರು ಊಟ ಮಾಡ್ತಿಲ್ಲ."

"ವಾದದಲ್ಲಿ ನೀನೇ ಗೆದ್ದೆಯಂತೆ?"

"ತಮಾಷೆ ಮಾಡಬೇಡಿ ಅಮ್ಮ. ನೀರು ಬಿಟ್ಟರೆ ಏನೂ ಮುಟ್ಟಿಲ್ಲ. ಹೀಗೇ ಆದರೆ ಅವರೂ... ಸಮಾಧಾನಕ್ಕೆ ಅಂತ ನಾನು ನಂಬದ್ದನ್ನ ಹೇಳಿದೆ. ಅದೂ ತಪ್ಪಾಯ್ತು. ನಿಜ ಹೇಳಿದ್ದೂ ತಪ್ಪು, ಸುಳ್ಳು ಹೇಳಿದ್ದೂ ತಪ್ಪು. ಹಾಗಾದರೆ ಧರ್ಮ ಯಾವುದು? ನೀವಾದರೂ ಒಂದು ಸಲ ಬಾಯಿ ಬಿಟ್ಟು ಹೇಳಿ, ದೇವರು ಇದ್ದಾನಾ ಇಲ್ಲವಾ?"

ಚೆನ್ನಾಜಮ್ಮ ಮೊರ ಎತ್ತಿಕೊಂಡರು.

"ಅಯ್ಯೋ, ಆ ಮೊರ ಕೆಳಗಿಡಿ ಅಮ್ಮ!"

"ಅವಳು ನಿನ್ನನ್ನ ಏನು ಕೇಳಿದಳು?"

"ಸತ್ತವರು ಎಲ್ಲಿ ಹೋಗ್ತಾರೆ ಅಂತ."

"ಅದಕ್ಕೂ ಮೊದಲು."

ವಿಶಾಖಾ ನೆನಪಿಸಿಕೊಂಡಳು. "ಕುಡಿಕೆ ಹಿಡ್ಕೊಳ್ತೀಯಾ ಅಂತ."

ಚೆನ್ನಾಜಮ್ಮ ಅಕ್ಕಿ ಕೇರತೊಡಗಿದರು.

ಮೂರನೆಯ ದಿನ ಬೆಳಿಗ್ಗೆ ಅವರು ಮೊರದ ತುಂಬ ಅಕ್ಕಿ ಹಾಕಿಕೊಂಡು ಮೆಟ್ಟಿಲಿಗೆ ಬಂದರು. ಪುಟ್ಟಗೌರಮ್ಮನ ಪಕ್ಕದಲ್ಲೇ ಕೂತರು. ಆಕೆಯನ್ನು ಮಾತಾಡಿಸಲಿಲ್ಲ, ಕುಡಿಕೆಯತ್ತ ನೋಡಲೂ ಇಲ್ಲ. ಹೊಳೆಯ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಅದಕ್ಕೆ ಎದುರಾಗಿ ಕೂತು ಕೇರಲು ಶುರು ಮಾಡಿದರು.

ಹೊಟ್ಟು ಪೂರ್ತಿ ಅವರ ಮುಖಕ್ಕೇ ಬಂತು. ತಲೆ ಬಿಳಿಯಾಯಿತು. ಒಂದು ಹಿಡಿ ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತು. ಗುಬ್ಬಿಗಳು ಬಂದವು.

ಕಂಬದ ಪಕ್ಕ ನಿಂತಿದ್ದ ವಿಶಾಖಾ ಕಣ್ಣರಳಿಸಿ ನೋಡಿದಳು. ಎರಡು ವರ್ಷದಲ್ಲಿ ಅಮ್ಮನ ಮೊರದಿಂದ ಒಂದು ಕಾಳು ಕೆಳಗೆ ಬಿದ್ದದ್ದನ್ನು ಅವಳು ಕಂಡಿರಲಿಲ್ಲ.

ಮತ್ತೊಂದು ಹಿಡಿ ಚೆಲ್ಲಿತು. ಪುಟ್ಟಗೌರಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು. ಮತ್ತೆ ಈ ಕಡೆ ತಿರುಗಿಸಿದಳು.

"ಗಾಳಿಗೆ ಎದುರಾಗಿ ಯಾರಾದ್ರೂ ಕೇರ್ತಾರಾ?"

"ಮತ್ತೆ ಹೇಗೆ?"

"ಅಡ್ಡ ಕೂತ್ಕೊಳ್ಳಿ. ಮುಂಗೈ ಸಡಿಲ ಬಿಡಿ. ಹಾಗಲ್ಲ... ಅಯ್ಯಯ್ಯೋ, ಆ ಅಕ್ಕಿ ಎಲ್ಲ ಹೋಯ್ತು!"

"ನನಗೆ ಬರೋದೇ ಇಷ್ಟು, ತಾಯಿ."

"ಇಷ್ಟು ವಯಸ್ಸಾಗಿದೆ, ಮೊರ ಹಿಡಿಯೋಕೆ ಬರಲ್ವಾ? ಅದೇನು ಆಶ್ರಮ ನಡೆಸ್ತೀರೋ! ಶಿಷ್ಯೆ ನೋಡಿದ್ರೆ ಹಾಗೆ, ನೀವು ನೋಡಿದ್ರೆ ಹೀಗೆ."

ಚೆನ್ನಾಜಮ್ಮ ಇನ್ನೊಮ್ಮೆ ಮೊರ ಎತ್ತಿದರು. ಅಕ್ಕಿ ಜರ್‍ರೆಂದು ಜಾರಿತು.

"ಕೊಡಿ ಇಲ್ಲಿ!"

ಪುಟ್ಟಗೌರಮ್ಮ ಎದ್ದಳು. ಆ ಕಡೆ ಈ ಕಡೆ ನೋಡಿದಳು. ಹತ್ತಿರ ಇದ್ದವಳು ವಿಶಾಖಾ ಒಬ್ಬಳೇ.

"ಹಿಡ್ಕೊಳ್ಳೇ ಇದನ್ನ. ಅಲ್ಲಾಡಿಸಬೇಡ, ಅವರಿಗೆ ಆಗಲ್ಲ. ಬಸ್ಸಲ್ಲೂ ಹಾಗೇ, ತಲೆ ಸುತ್ತು ಬರ್ತಿತ್ತು."

ಕುಡಿಕೆ ವಿಶಾಖಾಳ ಕೈಗೆ ಬಂತು.

ಪುಟ್ಟಗೌರಮ್ಮ ಗಾಳಿಗೆ ಅಡ್ಡಲಾಗಿ ಕೂತು ಮೊರ ಹಿಡಿದಳು. ಎರಡು ಸಲ ಕೇರುವಷ್ಟರಲ್ಲಿ ಕೈ ಹದಕ್ಕೆ ಬಂತು. ಹೊಟ್ಟು ಒಂದೇ ಎಳೆಯಾಗಿ ಹಾರಿಹೋಯಿತು. ಒಂದು ಕಾಳೂ ಬೀಳಲಿಲ್ಲ.

"ನೋಡಿದ್ರಾ? ಇಷ್ಟೇ."

"ನೋಡಿದೆ. ಅನ್ನಕ್ಕೆ ಎಸರಿಡೋದೂ ನನಗೆ ಅಷ್ಟಕ್ಕಷ್ಟೇ."

"ಇಷ್ಟು ದಿನ ಏನು ತಿಂದು ಬದುಕಿದ್ರಿ ನೀವಿಬ್ಬರೂ?" ಗೊಣಗುತ್ತ ಮುದುಕಿ ಮೊರ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಬಾಗಿಲಲ್ಲಿ ತಿರುಗಿ ನಿಂತಳು. "ಈ ಅಮ್ಮನಿಗೆ ಬೇಯಿಸಿ ಹಾಕಿ, ನಾನೂ ಒಂದು ತುತ್ತು ತಿಂದು ಬರ್ತೀನಿ. ಆಮೇಲೆ ಅವರನ್ನ ಕಳಿಸೋಣ. ಜೋಪಾನ."

ಒಳಗೆ ಪಾತ್ರೆಗಳ ಸದ್ದು. ಆಮೇಲೆ ಅನ್ನ ಬೆಂದ ವಾಸನೆ. ಆಮೇಲೆ ಪುಟ್ಟಗೌರಮ್ಮನ ದನಿ, "ಉಪ್ಪೆಲ್ಲಿಟ್ಟಿದ್ದೀರಿ?"

ವಿಶಾಖಾ ಮೆಟ್ಟಿಲ ಮೇಲೆ ನಿಂತಿದ್ದಳು.

ಕುಡಿಕೆ ಅವಳು ಅಂದುಕೊಂಡದ್ದಕ್ಕಿಂತ ಹಗುರ ಇತ್ತು. ಮುದುಕಿಯ ಮಡಿಲ ಬಿಸಿ ಇನ್ನೂ ಆರಿರಲಿಲ್ಲ. ಮೂಗಿನ ಮೇಲೆ ನೊಣ ಕೂತಿತು. ತಲೆಯನ್ನಷ್ಟೇ ಮೆಲ್ಲಗೆ ಕೊಡವಿದಳು. ಸ್ವಲ್ಪ ಹೊತ್ತಿಗೆ ತೋಳು ಸೋತವು. ಬಗ್ಗಿ, ಸೆರಗಿನಿಂದ ಮೆಟ್ಟಿಲ ಕಲ್ಲು ಒರೆಸಿದಳು. ಕಲ್ಲು ಚೊಕ್ಕಟವಾಯಿತು. ಒಣಗಿಯೂ ಇತ್ತು. ಅವಳು ಹಾಗೇ ಎದ್ದು ನಿಂತಳು. ಕುಡಿಕೆ ಎದೆಗೇ ಇತ್ತು.

ಚೆನ್ನಾಜಮ್ಮ ತಲೆಯ ಮೇಲಿನ ಹೊಟ್ಟು ಕೊಡವುತ್ತ ಬಾಗಿಲಿಗೆ ಬಂದರು.

"ಎಷ್ಟು ಹೊತ್ತು ನಿಂತಿರ್ತೀಯೇ? ಎಲೆ ಹಾಕಿದೆ. ಅವಳು ಎರಡನೇ ಸಲ ಬಡಿಸಿಕೊಂಡಳು, ನಿನ್ನ ಅನ್ನ ಆರುತ್ತಿದೆ. ಅದರಲ್ಲಿ ಯಾರೂ ಇಲ್ಲ ಅಂದೆಯಲ್ಲ ಮಗಳೇ, ಅದನ್ನ ಕೆಳಗಿಟ್ಟು ಬಾ."